ಎರಡು ಹುಳುಮನೆಗೆ ಒಂದೇ ಜೊತೆ ಚಂದ್ರಿಕೆ

ನಾನು ಬೆಳೆದ ಮನೆಯ ನಡುವೆ ಒಂದು ಗೋಡೆ ಇತ್ತು. ಅದು ಮನೆಯ ಜೊತೆಗೆ ಹುಟ್ಟಿದ್ದಲ್ಲ. ಅಪ್ಪನೂ ಚಿಕ್ಕಪ್ಪನೂ ಪಾಲಾದ ವರ್ಷ ಹೊಲಕ್ಕೆ ಬದು ಹಾಕಿದರು, ಹಿಪ್ಪುನೇರಳೆ ತೋಟಕ್ಕೆ ಕಾಲುವೆ ಬಿಟ್ಟರು. ಆಮೇಲೆ ಮನೆಗೂ ಒಂದು ಗೆರೆ ಬೇಕಾಯಿತು. ನಡುಮನೆಯ ಸರಿಮಧ್ಯಕ್ಕೆ ಹುರಿ ಹಿಡಿದು ಹಸಿ ಇಟ್ಟಿಗೆಯ ಗೋಡೆ ಎಬ್ಬಿಸಿದರು. ಇಟ್ಟಿಗೆ ಸಾಲದೆ ಹೋಯಿತೋ, ಅಣ್ಣತಮ್ಮಂದಿರಿಗೆ ಮನಸ್ಸು ಸಾಲದೆ ಹೋಯಿತೋ, ಗೋಡೆ ಹೆಂಚಿನ ತನಕ ಏರಲಿಲ್ಲ. ಮೇಲೆ ಮೊಳದುದ್ದದ ಸಂದು ಹಾಗೇ ಉಳಿಯಿತು. ಆ ಸಂದಿನಿಂದ ಚಿಕ್ಕಪ್ಪನ ಮನೆಯ ಕೆಮ್ಮು, ಮಗುವಿನ ಅಳು, ರಾಗಿ ಬೀಸುವ ಸದ್ದು, ಮೆಣಸಿನಕಾಯಿ ಹುರಿದ ಘಾಟು ಎಲ್ಲವೂ ನಮ್ಮ ಕಡೆಗೆ ಬರುತ್ತಿದ್ದವು, ನಮ್ಮವು ಅವರ ಕಡೆಗೆ ಹೋಗುತ್ತಿದ್ದವು. ವಕ್ಕಲೇರಿ ಕಡೆಯ ನಮ್ಮ ಸಣ್ಣ ಊರಿನಲ್ಲಿ ಪಾಲಾದ ಮನೆಗಳು ಇನ್ನೂ ಇದ್ದವು. ಆದರೆ ಗೋಡೆ ಇದ್ದೂ ಇಲ್ಲದ ಹಾಗಿದ್ದ ಮನೆ ನಮ್ಮದೊಂದೇ ಎಂದು ಜನ ನಗುತ್ತಿದ್ದರು.

ಪಾಲು ಮಾಡಲು ಆಗದೆ ಉಳಿದದ್ದು ಮೂರು. ಹಿತ್ತಲಿನ ಬಾವಿ, ಅದರ ಪಕ್ಕದ ಒರಳುಕಲ್ಲು, ಮತ್ತು ಅಜ್ಜಿ. ಬಾವಿಗೂ ಒರಳಿಗೂ ಯಾರು ಮೊದಲು ಬಂದರೆ ಅವರದು. ಅಜ್ಜಿಗೆ ಮಾತ್ರ ವಂತು. ನಮ್ಮ ಸೀಮೆಯಲ್ಲಿ ಸರದಿಗೆ ವಂತು ಅನ್ನುತ್ತಾರೆ, ತೆಲುಗಿನಿಂದ ಬಂದು ನಮ್ಮದೇ ಆಗಿಹೋದ ಮಾತು. ಒಂದು ತಿಂಗಳು ನಮ್ಮಲ್ಲಿ ಊಟ, ಇನ್ನೊಂದು ತಿಂಗಳು ಚಿಕ್ಕಪ್ಪನಲ್ಲಿ. ಅಮಾವಾಸ್ಯೆಯ ಮಾರನೆಯ ದಿನ ಬೆಳಿಗ್ಗೆ ಅಜ್ಜಿ ತನ್ನ ಕಂಬಳಿ ಸುತ್ತಿಕೊಂಡು, ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿ, ಬೀದಿಗೆ ಇಳಿದು, ಹತ್ತು ಹೆಜ್ಜೆ ನಡೆದು, ಪಕ್ಕದ ಬಾಗಿಲು ಹೊಗುತ್ತಿದ್ದಳು. ಒಳಗಿನಿಂದ ದಾರಿ ಇರಲಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಗಟ್ಟಿ ದನಿ ಅವಳದು. ಯಾವ ಮನೆಯಲ್ಲಿದ್ದರೂ ಎರಡೂ ಮನೆಗೆ ಕೇಳಿಸುವಂತೆ ಮಾತಾಡುವುದು ಅವಳಿಗೆ ಅಭ್ಯಾಸವಾಗಿತ್ತು.

ಎರಡು ಮನೆಯಲ್ಲೂ ರೇಷ್ಮೆಹುಳು ಸಾಕುತ್ತಿದ್ದರು. ನಮ್ಮ ಕಡೆ ಉತ್ತರದ ಕೋಣೆ ಹುಳುಮನೆ. ಅದರ ಯಜಮಾನಿ ಅಮ್ಮ. ಬಿದಿರಿನ ತಟ್ಟೆಗಳು ಒಂದರ ಮೇಲೊಂದು ಅಟ್ಟಣೆಯ ಮೇಲೆ ಇರುತ್ತಿದ್ದವು. ಅಟ್ಟಣೆಯ ಕಾಲುಗಳಿಗೆ ಇರುವೆ ಹತ್ತದಂತೆ ನೀರು ತುಂಬಿದ ಚಿಪ್ಪು. ಹೊರಗಿನವರು ಹೊಸಿಲು ದಾಟುವಂತಿಲ್ಲ. ಕಾಲು ತೊಳೆಯದೆ ಅಪ್ಪನೂ ಒಳಗೆ ಬರುವಂತಿಲ್ಲ. ಹುಳಕ್ಕೆ ಘಾಟು ಆಗದು, ಹೊಗೆ ಆಗದು, ಹೂವಿನ ವಾಸನೆಯೂ ಆಗದು ಎಂದು ಅಮ್ಮ ಆ ದಿನಗಳಲ್ಲಿ ತಲೆಗೆ ಒಂದು ಕನಕಾಂಬರವನ್ನೂ ಮುಡಿಯುತ್ತಿರಲಿಲ್ಲ. ಒಲೆಯ ಮೇಲೆ ಒಗ್ಗರಣೆ ನಿಷೇಧ. ಗೋಡೆಯ ಮೇಲೆ ಸಂದು ಇದ್ದದ್ದರಿಂದ ಒಂದು ಮನೆಯಲ್ಲಿ ಹುಳು ಇದ್ದರೆ ಇನ್ನೊಂದು ಮನೆಯಲ್ಲೂ ಒಗ್ಗರಣೆ ನಿಲ್ಲುತ್ತಿತ್ತು. ಇದನ್ನು ಯಾರೂ ಕೂತು ಮಾತಾಡಿ ತೀರ್ಮಾನಿಸಿದ್ದಲ್ಲ. ಚಳಿಗಾಲದಲ್ಲಿ ಅವರೆಕಾಯಿ ಬಂದಾಗ ಇದು ದೊಡ್ಡ ಶಿಕ್ಷೆ. ಹಿದಕಿದ ಅವರೆಬೇಳೆಯ ಸಾರನ್ನು ಒಗ್ಗರಣೆ ಇಲ್ಲದೆ ಉಣ್ಣುವವರು ಯಾರು? ಅದಕ್ಕೇ ಬಾವಿಯ ಆಚೆ, ಗಾಳಿ ಮನೆಯ ಕಡೆಗೆ ಬೀಸದ ಜಾಗದಲ್ಲಿ, ಮೂರು ಕಲ್ಲಿನ ಒಂದು ಒಲೆ ಇತ್ತು. ಅಮ್ಮ ಸಾರಿನ ಮಡಕೆಯನ್ನು ಅಲ್ಲಿಗೆ ಹೊತ್ತು ಒಗ್ಗರಣೆ ಕೊಟ್ಟು ತರುವಳು. ಅವಳು ಎದ್ದ ಮೇಲೆ ಅದೇ ಕೆಂಡದ ಮೇಲೆ ಚಿಕ್ಕಮ್ಮ ತನ್ನ ಸೌಟು ಇಡುವಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಆದರೆ ಅಮ್ಮ ಏಳುವಾಗ ಕೆಂಡ ಆರಿಸಿದ್ದನ್ನು ನಾನು ಕಂಡಿಲ್ಲ.

ನನಗೆ ಆಗಲೇ ಗುರುತು ಹಾಕಿಡುವ ಚಾಳಿ. ಸ್ಲೇಟು ಬಳಪ ಶಾಲೆಗೆ, ಮನೆಗೆ ಸುಣ್ಣದ ಕಡ್ಡಿ. ನಾನು ಮಲಗುವ ಕಡೆಯ ಗೋಡೆಯ ಮೇಲೆ ಚಾಕಿ ಕಟ್ಟಿದ ದಿನ, ಅಂದರೆ ಆಗತಾನೆ ಮೊಟ್ಟೆಯೊಡೆದ ಹುಳವನ್ನು ಸೊಪ್ಪಿಗೆ ಬಿಟ್ಟ ದಿನ, ಒಂದು ಗೆರೆ. ಹುಳ ಮೇಯುವುದು ಬಿಟ್ಟು ತಲೆಯೆತ್ತಿ ಮಲಗಿ ಪೊರೆ ಕಳಚುವುದಕ್ಕೆ ಜ್ವರ ಅನ್ನುತ್ತೇವೆ. ಒಂದೊಂದು ಜ್ವರಕ್ಕೂ ಒಂದು ಬೊಟ್ಟು. ನಾಲ್ಕನೆಯ ಜ್ವರ ಎದ್ದ ಮೇಲೆ ಹುಳಕ್ಕೆ ಹಸಿವೆಂದರೆ ಹಸಿವು. ಆಗ ಹುಳುಮನೆಯ ಸದ್ದು ಒಣಗಿದ ರಾಗಿ ಹುಲ್ಲಿನ ಮೇಲೆ ಯಾರೋ ಬಿಡದೆ ನಡೆದಾಡುತ್ತಿರುವಂತೆ ಇರುತ್ತಿತ್ತು. ಆ ಸದ್ದು ಕೇಳಿಕೊಂಡೇ ನಾವು ಮಕ್ಕಳು ಬೆಳೆದದ್ದು. ಗೋಡೆಗೆ ಕಿವಿ ಹಚ್ಚಿದರೆ ಚಿಕ್ಕಮ್ಮನ ಹುಳದ ಸದ್ದೂ ಕೇಳುತ್ತಿತ್ತು. ನಾನು ಅವರ ಹುಳಕ್ಕೂ ಒಂದು ಸಾಲು ಬೊಟ್ಟು ಇಡುತ್ತಿದ್ದೆ. ನಮ್ಮದರ ಕೆಳಗೆ, ಸ್ವಲ್ಪ ಸಣ್ಣದಾಗಿ. ಅಮ್ಮ ನೋಡಿಯೂ ನೋಡದ ಹಾಗೆ ಇರುತ್ತಿದ್ದಳು.

ಅಮ್ಮನಿಗೂ ಚಿಕ್ಕಮ್ಮನಿಗೂ ಮಾತು ನಿಂತದ್ದು ಹುಳದ ವಿಷಯಕ್ಕೇ. ಒಂದು ವರ್ಷ ಚಿಕ್ಕಮ್ಮನ ಹುಳಕ್ಕೆ ಸುಣ್ಣಕಟ್ಟು ರೋಗ ಬಂತು. ಹುಳ ಬಿಳಿಚಿ, ಸುಣ್ಣದ ಕಡ್ಡಿಯಂತೆ ಗಟ್ಟಿಯಾಗಿ ಸಾಯುತ್ತದೆ. ಗಾಳಿಯಲ್ಲಿ ಹರಡುತ್ತದೆ. ಸುದ್ದಿ ತಿಳಿದ ದಿನವೇ ಅಮ್ಮ ಏಣಿ ಹತ್ತಿ ಗೋಡೆಯ ಮೇಲಿನ ಸಂದಿಗೆ ಗೋಣಿಚೀಲ ಜಡಿದಳು. ಹುಳ ಸಾಕುವವರು ಯಾರಾದರೂ ಹಾಗೇ ಮಾಡುತ್ತಿದ್ದರು. ಆದರೆ ಆ ಕಡೆ ತಟ್ಟೆ ತಟ್ಟೆ ಹುಳವನ್ನು ತಿಪ್ಪೆಗೆ ಸುರಿದು ಬಂದು ಕೂತಿದ್ದ ಚಿಕ್ಕಮ್ಮನಿಗೆ ಮೊಳೆ ಹೊಡೆಯುವ ಆ ಸದ್ದು ಹೇಗೆ ಕೇಳಿರಬಹುದು ಎಂದು ಅಮ್ಮನಿಗೆ ಆಗ ಹೊಳೆಯಲಿಲ್ಲ. ಒಂದು ವಾರ ಬಿಟ್ಟು ಅಮ್ಮ ನನ್ನ ಕೈಯಲ್ಲಿ ಒಂದು ಚೊಂಬು ಮಜ್ಜಿಗೆ ಕಳಿಸಿದಳು. ಚಿಕ್ಕಮ್ಮ ಮಜ್ಜಿಗೆ ಬಗ್ಗಿಸಿಕೊಂಡು, ಚೊಂಬು ಬೆಳಗಿ, ಬರಿದಾಗಿ ವಾಪಸು ಕಳಿಸಿದಳು. ನಮ್ಮಲ್ಲಿ ಯಾರೂ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವುದಿಲ್ಲ, ಏನೂ ಇಲ್ಲದಿದ್ದರೆ ಎರಡು ಹರಳು ಉಪ್ಪಾದರೂ ಹಾಕುತ್ತಾರೆ. ಅಮ್ಮ ಆ ಚೊಂಬನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದಳು. ಅಲ್ಲಿಗೆ ಮಾತು ನಿಂತಿತು. ಊರಿನವರು ಚಿಕ್ಕಮ್ಮನ ಕೈಗುಣ ಸರಿಯಿಲ್ಲ ಅನ್ನತೊಡಗಿದರು. ಚಿಕ್ಕಪ್ಪ, ಬರುವ ಬೆಳೆಯೂ ಹೋದರೆ ಹಿಪ್ಪುನೇರಳೆ ಕಿತ್ತು ರಾಗಿ ಹಾಕುತ್ತೇನೆ, ಹುಳುಮನೆಗೆ ದನ ಕಟ್ಟುತ್ತೇನೆ ಎಂದು ಚಾವಡಿಯಲ್ಲೇ ಹೇಳಿಬಿಟ್ಟ. ಚಿಕ್ಕಮ್ಮ ಮದುವೆಯಾಗಿ ಬರುವಾಗ ತವರಿನಿಂದ ತಟ್ಟೆಗಳನ್ನು ಹೊರಿಸಿಕೊಂಡು ಬಂದವಳು. ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಆ ಕೋಣೆ ಒಂದೇ.

ಇಂಥ ಹೊತ್ತಿಗೆ ನಮ್ಮೂರಿಗೆ ಸಹಕಾರ ಬಂತು. ಕೋಲಾರದಿಂದ ಸೈಕಲ್ ಮೇಲೆ, ಪ್ಯಾಂಟಿನ ಕಾಲಿಗೆ ಹುರಿ ಕಟ್ಟಿಕೊಂಡು ಬಂದ ಇನ್ಸ್‌ಪೆಕ್ಟರೊಬ್ಬರ ರೂಪದಲ್ಲಿ ಬಂತು. ಅರಳಿಕಟ್ಟೆಯ ಮೇಲೆ ಗಂಡಸರು, ಬೇಲಿಯ ಮರೆಯಲ್ಲಿ ಹೆಂಗಸರು. ಯುದ್ಧ ನಡೆಯುತ್ತಿದ್ದ ಕಾಲ. ರೇಷ್ಮೆ ನೂಲಿಗೆ ಎಂದೂ ಇಲ್ಲದ ಬೇಡಿಕೆ, ಬಿದಿರಿಗೆ ಎಂದೂ ಇಲ್ಲದ ಬರ. ಹುಳ ಹಣ್ಣಾಗಿ ನೂಲು ಬಿಡಲು ಸಿದ್ಧವಾದಾಗ ಅದನ್ನು ಏರಿಸುವ ಚಂದ್ರಿಕೆ ಬಿದಿರಿನದೇ. ದೊಡ್ಡ ಚಾಪೆಯ ಮೇಲೆ ಸುರುಳಿ ಸುರುಳಿಯಾಗಿ ಪಟ್ಟಿ ಹೆಣೆದಿರುತ್ತಾರೆ, ಆ ಸುರುಳಿಗಳ ನಡುವೆ ಕೂತು ಹುಳ ಗೂಡು ಕಟ್ಟುತ್ತದೆ. ಎಲ್ಲರ ಚಂದ್ರಿಕೆಗಳೂ ಮುರಿದು ಒಲೆ ಸೇರುವ ಸ್ಥಿತಿಗೆ ಬಂದಿದ್ದವು. ಇನ್ಸ್‌ಪೆಕ್ಟರು ಹೇಳಿದ್ದು ಸರಳವಾಗಿತ್ತು. ಒಂದು ಬೆಳೆಯಲ್ಲಿ ಚಂದ್ರಿಕೆಯ ಕೆಲಸ ನಾಲ್ಕೈದು ದಿನ, ಉಳಿದ ದಿನವೆಲ್ಲ ಅಟ್ಟದ ಮೇಲೆ ಇಲಿಗೆ ಆಹಾರ. ಸಂಘ ಮಾಡಿಕೊಂಡರೆ ಸರ್ಕಾರದಿಂದ ಬಿದಿರು ಬರುತ್ತದೆ. ಎರಡು ಮನೆಗೆ ಒಂದು ಜೊತೆ ಚಂದ್ರಿಕೆ. ಒಂದು ಮನೆಯವರು ಚಾಕಿ ಕಟ್ಟಿದ ವಾರಕ್ಕೆ ಇನ್ನೊಂದು ಮನೆಯವರು ಕಟ್ಟಬೇಕು, ಅಷ್ಟೇ.

ಯಾರೂ ಬೇಡ ಅನ್ನಲಿಲ್ಲ, ಯಾರೂ ಸರಿ ಅನ್ನಲೂ ಇಲ್ಲ. ನಾಟಿಗೆ, ಕೊಯ್ಲಿಗೆ ಮುಯ್ಯಾಳು ಕೊಡುವುದು ನಮಗೆ ಗೊತ್ತಿತ್ತು. ಇವತ್ತು ನೀನು ನನ್ನ ಹೊಲಕ್ಕೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ. ಅಲ್ಲಿ ಯಾರಿಗೆ ಯಾರು ಎಂದು ಮುಖ ಇತ್ತು. ಎಲ್ಲರಿಗೂ ಸೇರಿದ ವಸ್ತು ಎಂದರೆ ಜನಕ್ಕೆ ದಿಗಿಲು. ಮುರಿದರೆ ಯಾರು ಕಟ್ಟಿಸುತ್ತಾರೆ, ರೋಗದ ಮನೆ ಹೊಕ್ಕು ಬಂದ ಚಂದ್ರಿಕೆಯನ್ನು ಯಾರು ಮುಟ್ಟುತ್ತಾರೆ ಎಂದು ಕೇಳಿದರು. ಯಾವ ಕೇರಿಯ ಮನೆ ಹೊಕ್ಕು ಬಂದದ್ದು ಎಂಬ ಪ್ರಶ್ನೆಯನ್ನು ಒಬ್ಬರು ಬಾಯಿಬಿಟ್ಟು ಕೇಳಿಯೂಬಿಟ್ಟರು. ಇನ್ಸ್‌ಪೆಕ್ಟರು ಅದು ಕೇಳಿಸದವರಂತೆ ಕನ್ನಡಕ ಒರೆಸಿಕೊಂಡರು. ಕೊನೆಗೆ, ಯಾರು ಯಾರ ಜೊತೆ ಎಂಬುದನ್ನು ನೀವೇ ಆರಿಸಿಕೊಳ್ಳಿ ಎಂದಾಗ ಎಲ್ಲರೂ ಉಸಿರು ಬಿಟ್ಟರು. ಅಪ್ಪ ಚಿಕ್ಕಪ್ಪನ ಕಡೆ ನೋಡಿದ, ಚಿಕ್ಕಪ್ಪ ಅಪ್ಪನ ಕಡೆ ನೋಡಿದ. ಗಂಡಸರಿಗೆ ಇಂಥದೆಲ್ಲ ಸುಲಭ, ಒಂದೇ ಬೀಡಿಯಲ್ಲಿ ಮುಗಿಸಿಕೊಂಡು ಬಂದರು. ಮನೆಗೆ ಬಂದು ಹೇಳಿದಾಗ ಅಮ್ಮ ಮುದ್ದೆ ತಿರುವುತ್ತಿದ್ದ ಕೋಲನ್ನು ಹಾಗೇ ನಿಲ್ಲಿಸಿದಳು.

"ನಮ್ಮನೆ ಬಾಗಿಲಿಗೆ ಬಂದು ಕೇಳಿದೋರಿಗೆ ಇಲ್ಲ ಅಂದಿದೀನಾ ನಾನು? ಆದ್ರೆ ನಾನು ಯಾರ ಬಾಗಿಲಿಗೂ ಹೋಗಿ ನಿಂತಿಲ್ಲ. ಈಗ ಅವಳ ಬಾಗಿಲಿಗೆ ಹೋಗಿ ಚಂದ್ರಿಕೆ ಕೊಡಮ್ಮ ತಾಯಿ ಅನ್ಲಾ?"

ಅಪ್ಪ ಸಮಾಧಾನ ಮಾಡಲು ಹೊರಟ. ಅಷ್ಟರಲ್ಲಿ ಗೋಡೆಯಾಚೆಯಿಂದ, ಗೋಣಿಚೀಲವನ್ನೂ ದಾಟಿ, ಅಜ್ಜಿಯ ದನಿ ಬಂತು.

"ನನ್ನೇ ವಂತು ಹಾಕ್ಕೊಂಡು ಸಾಕ್ತಾ ಇದೀರಲ್ಲೇ. ಇಷ್ಟು ದಿನ ಆಯ್ತು, ನಾನೇನು ಮುರಿದು ಹೋದ್ನಾ, ಸವೆದು ಹೋದ್ನಾ? ಚಂದ್ರಿಕೆ ಏನು ನನಗಿಂತ ನಾಜೂಕಾ?"

ಆಚೆ ಕಡೆ ಚಿಕ್ಕಪ್ಪ ನಕ್ಕದ್ದು ಕೇಳಿಸಿತು. ಈಚೆ ಅಮ್ಮ ನಗಲಿಲ್ಲ, ಆದರೆ ಕೋಲು ತಿರುಗತೊಡಗಿತು. ಚಂದ್ರಿಕೆಗಳು ಬಂದವು. ಹಸಿ ಬಿದಿರಿನ ವಾಸನೆ ಹೋಗುವ ತನಕ ಒಂದು ವಾರ ಬಿಸಿಲಿಗೆ ಒಡ್ಡಿ, ನಮ್ಮ ಜಗಲಿಯ ಮೇಲೆ ಒರಗಿಸಿಟ್ಟರು. ನಮ್ಮದು ಹಿರಿಯ ಮನೆಯಾದ್ದರಿಂದ ಮೊದಲ ವಂತು ನಮಗೆ. ನಾವು ಚಾಕಿ ಕಟ್ಟಿ ಸರಿಯಾಗಿ ಒಂದು ವಾರಕ್ಕೆ ಚಿಕ್ಕಮ್ಮ ಕಟ್ಟಿದಳು. ಗೋಡೆಯ ಮೇಲೆ ನನ್ನ ಎರಡು ಸಾಲು ಬೊಟ್ಟುಗಳು ಒಂದರ ಹಿಂದೆ ಒಂದು ಹೊರಟವು.

ತಪ್ಪಿದ್ದು ಚಳಿಯ ಲೆಕ್ಕ. ಆ ವರ್ಷ ನಮ್ಮ ಕಡೆ ಹೆಚ್ಚಿನ ಚಳಿ. ಬೆಳಗಿನ ಮಂಜು ಹೊತ್ತು ಏರಿದರೂ ಕರಗುತ್ತಿರಲಿಲ್ಲ. ಹುಳಕ್ಕೆ ಬೆಚ್ಚಗಿದ್ದರೆ ಬೇಗ ಬೇಗ ಜ್ವರ ಏಳುತ್ತದೆ, ಚಳಿಯಾದರೆ ಮಲಗಿದ್ದು ಏಳುವುದೇ ಇಲ್ಲ. ಕೆಂಡ ಇಟ್ಟು ಅವಸರ ಮಾಡಿದರೆ ಗೂಡು ತೆಳ್ಳಗಾಗುತ್ತದೆ ಎಂದು ಅಮ್ಮನ ನಂಬಿಕೆ. ನಮ್ಮ ಉತ್ತರದ ಕೋಣೆಯಲ್ಲಿ ಹುಳ ಕಂಬಳಿ ಹೊದ್ದವರ ಹಾಗೆ ನಿಧಾನವಾಗಿ ಮೇಯುತ್ತಿತ್ತು. ಆ ಕಡೆ ಅಜ್ಜಿಯ ವಂತು. ಅಜ್ಜಿಗೆ ಚಳಿ ತಡೆಯುತ್ತಿರಲಿಲ್ಲ. ಹುಳುಮನೆ ಗಾಳಿಯಾಡದ ಬೆಚ್ಚಗಿನ ಕೋಣೆ ಎಂದು ಅವಳು ತನ್ನ ಹಾಸಿಗೆಯನ್ನು ಅದರ ಬಾಗಿಲಿಗೇ ಹಾಸಿಕೊಂಡು, ಪಕ್ಕದಲ್ಲಿ ಹೊಗೆಯಿಲ್ಲದ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡಳು. ಅತ್ತೆಗೆ ಬೇಡ ಅನ್ನಲು ಚಿಕ್ಕಮ್ಮನಿಗೆ ಬಾಯಿ ಬರಲಿಲ್ಲ. ಅಜ್ಜಿಯ ಜೊತೆ ಹುಳವೂ ಕಾಯಿಸಿಕೊಂಡಿತು. ನನ್ನ ಕೆಳಗಿನ ಸಾಲಿನ ಬೊಟ್ಟುಗಳು ಮೇಲಿನ ಸಾಲನ್ನು ಹಿಡಿಯುತ್ತಾ ಬಂದವು. ಮೂರನೆಯ ಜ್ವರಕ್ಕೆ ಅಂತರ ಅರ್ಧವಾಗಿತ್ತು. ನಾಲ್ಕನೆಯದಕ್ಕೆ ನಮ್ಮ ಹುಳ ಎದ್ದ ಮಾರನೆಯ ದಿನವೇ ಗೋಡೆಯಾಚೆ ಮೇಯುವ ಸದ್ದು ಶುರುವಾಯಿತು. ಎರಡೂ ಒಟ್ಟಿಗೇ ಹಣ್ಣಾಗುತ್ತವೆ ಎಂದು ನಾನು ಹೇಳಿದ್ದಕ್ಕೆ ಅಮ್ಮ ಅಂದಳು.

"ಗೋಡೆಗೆ ಕಿವಿ ಕೊಟ್ಕೊಂಡು ಕೂತಿದ್ವಿ, ನಿನ್ನ ಹುಳ ಎದ್ದಿದ್ದು ಕೇಳಿಸ್ತು ಅಂತ ಹೋಗಿ ಹೇಳ್ಲಾ? ಬೇಕಾದ್ರೆ ಅವಳೇ ಬಂದು ಕೇಳ್ಲಿ, ಅರ್ಧ ಕೊಡ್ತೀನಿ."

ಅಮ್ಮ ಹಾಗಂದದ್ದು ಸಿಟ್ಟಿನಿಂದಲ್ಲ. ಅವಳ ಮಟ್ಟಿಗೆ ಅದು ನ್ಯಾಯ. ಕೇಳಿದರೆ ಅರ್ಧ ಕೊಡುವವಳೇ ಅವಳು. ಆದರೆ ಚಿಕ್ಕಮ್ಮ ಬಂದು ಕೇಳುವವಳಲ್ಲ ಎಂಬುದು ನನಗೂ ಗೊತ್ತಿತ್ತು. ಗೋಣಿಚೀಲ ಜಡಿಸಿಕೊಂಡವಳು, ಕೈಗುಣ ಇಲ್ಲ ಅನ್ನಿಸಿಕೊಂಡವಳು, ಜಡಿದವಳ ಬಾಗಿಲಿಗೆ ಬಂದು ನನ್ನ ಲೆಕ್ಕ ತಪ್ಪಿತು ಅನ್ನುವುದು ಹೇಗೆ? ಬಾವಿಯ ಹತ್ತಿರ ಅವಳು ನನ್ನನ್ನು ಕಂಡಾಗ ಏನೋ ಹೇಳುವಂತೆ ನಿಂತು, ಕೊಡ ಎತ್ತಿಕೊಂಡು ಹೋಗಿಬಿಡುತ್ತಿದ್ದಳು. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು.

ಆ ದಿನ ಬೆಳಿಗ್ಗೆ ಅಮ್ಮ ಒಂದು ಹುಳವನ್ನು ಎತ್ತಿ ಬಾಗಿಲಿನ ಬೆಳಕಿಗೆ ಹಿಡಿದು ನೋಡಿದಳು. ಮೈ ತಿಳಿಯಾಗಿ, ಹಣ್ಣಾದ ದ್ರಾಕ್ಷಿಯಂತೆ ಹಳದಿ ಬಣ್ಣ ಬಂದಿತ್ತು. ಸೊಪ್ಪು ಮುಟ್ಟದೆ ತಲೆಯೆತ್ತಿ ಅತ್ತಿತ್ತ ಆಡಿಸುತ್ತಿತ್ತು. ಹಣ್ಣು ಹುಳವನ್ನು ಆಯ್ದು ಚಂದ್ರಿಕೆಗೆ ಏರಿಸಬೇಕು. ತಡವಾದರೆ ತಟ್ಟೆಯಲ್ಲೇ, ಸೊಪ್ಪಿನ ಕಡ್ಡಿಯ ನಡುವೆಯೇ ನೂಲು ಸುರಿದುಬಿಡುತ್ತದೆ. ಆ ನೂಲು ಯಾರಿಗೂ ಬೇಡ. ಅಪ್ಪ ಹೊಲಕ್ಕೆ ಹೋಗಲಿಲ್ಲ, ಅಣ್ಣ ಶಾಲೆಗೆ ಹೋಗಲಿಲ್ಲ, ಎದುರು ಮನೆಯ ಇಬ್ಬರು ಹೆಂಗಸರು ಅಮ್ಮ ಅವರಿಗೆ ಸೊಪ್ಪು ಬಿಡಿಸಿಕೊಟ್ಟ ಮುಯ್ಯಿಗೆ ಬಂದು ಜಗಲಿಯಲ್ಲಿ ಕೂತಿದ್ದರು. ಕೆಲಸ ಭರದಿಂದ ನಡೆಯಿತು. ಮಧ್ಯಾಹ್ನದ ಹೊತ್ತಿಗೆ ಚಂದ್ರಿಕೆಗಳು ಅರ್ಧ ತುಂಬಿದ್ದವು. ಆಗ ಅಮ್ಮ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ಗೋಡೆಯ ಕಡೆ ತಿರುಗಿದಳು. ನನಗೂ ಆಗಲೇ ಗೊತ್ತಾಯಿತು. ಆ ಕಡೆ ಮೇಯುವ ಸದ್ದು ನಿಂತಿತ್ತು. ಚಿಕ್ಕಮ್ಮನ ಹುಳವೂ ಹಣ್ಣಾಗಿತ್ತು. ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ತಟ್ಟೆ ಎಳೆಯುವ ಸದ್ದಿಲ್ಲ, ಅಜ್ಜಿಯ ದನಿಯೂ ಇಲ್ಲ. ಆ ಮನೆಯಲ್ಲಿ ಅಷ್ಟು ಮೌನವನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ನಾನು ಅಮ್ಮನ ಮುಖವನ್ನೇ ನೋಡುತ್ತಿದ್ದೆ. ಆಮೇಲೆ ಅವಳು ಏಣಿ ತರಿಸಿ ಗೋಡೆಗೆ ಆನಿಸಿ ಹತ್ತಿದಳು. ಮೊಳೆಗಳನ್ನು ಕೀಳಲೂ ಇಲ್ಲ, ಗೋಣಿಚೀಲವನ್ನು ಹಿಡಿದು ಒಂದೇ ಸಲ ಎಳೆದಳು. ಧೂಳು ಅವಳ ತಲೆಯ ಮೇಲೆಲ್ಲ ಬಿತ್ತು. ಸಂದಿಗೆ ಬಾಯಿ ಕೊಟ್ಟು, ನಾನು ಎಂದೂ ಕೇಳದ ಒಂದು ದನಿಯಲ್ಲಿ ಕರೆದಳು.

"ನಾರಾಣಮ್ಮಾ. ನನ್ನ ಹುಳ ಎಲ್ಲಾ ಒಟ್ಟಿಗೇ ಹಣ್ಣಾಗವೆ ಕಣೇ. ನನಗೆ ಕೈ ಸಾಲ್ತಾ ಇಲ್ಲ. ಒಂದು ಗಳಿಗೆ ಬಂದು ಆಯ್ದು ಕೊಡ್ತೀಯಾ?"

ಎದುರು ಮನೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ದಿನ ನಮ್ಮಲ್ಲಿ ಇದ್ದಷ್ಟು ಕೈಗಳು ಊರಿನ ಯಾವ ಹುಳುಮನೆಯಲ್ಲೂ ಇರಲಿಲ್ಲ. ಆ ಕಡೆಯಿಂದ ಚಿಕ್ಕಮ್ಮನ ದನಿ ಬರುವ ತನಕ ಅಮ್ಮ ಏಣಿಯ ಮೇಲೇ ಕಾದಳು.

"ಇರಕ್ಕ. ತಟ್ಟೆ ಮೇಲೆ ಬಟ್ಟೆ ಮುಚ್ಚಿ ಬರ್ತೀನಿ."

ಚಿಕ್ಕಮ್ಮ ಬಂದಳು. ಜಗಲಿಯಲ್ಲಿ ಕಾಲು ತೊಳೆದು, ಹುಳುಮನೆಯ ಹೊಸಿಲಿನ ಹೊರಗೇ ನಿಂತಳು. ರೋಗ ಬಂದ ಮನೆಯವಳು ಇನ್ನೊಬ್ಬರ ಹುಳುಮನೆಗೆ ಕಾಲಿಡುವುದಿಲ್ಲ, ಅದು ಅವಳೇ ತನಗೆ ಹಾಕಿಕೊಂಡ ಕಟ್ಟು. ಅಮ್ಮ ಅವಳ ಕೈ ಹಿಡಿದು ಒಳಗೆ ಕರೆದುಕೊಂಡಳು. ಚಿಕ್ಕಮ್ಮ ಕೂತು ನಮ್ಮ ಹುಳ ಆಯತೊಡಗಿದಳು. ಅವಳ ಬೆರಳಿನಷ್ಟು ಚುರುಕಾದ ಬೆರಳನ್ನು ನಾನು ಕಂಡಿರಲಿಲ್ಲ. ಹುಳಕ್ಕೆ ನೋವಾಗದಂತೆ, ನೋಡದೆಯೇ, ಹಣ್ಣಾದದ್ದನ್ನು ಮಾತ್ರ ಎತ್ತುತ್ತಿದ್ದಳು. ಒಂದು ತಟ್ಟೆ ಮುಗಿಯಿತು. ಅಮ್ಮ ಅವಳ ಕಡೆ ನೋಡದೆ ಮಾತಾಡಿದಳು.

"ಸರಿ ಈಗ ನಿನ್ನವೂ ತಗೊಂಡು ಬಾ. ಚಂದ್ರಿಕೆ ಅರ್ಧ ಹಂಗೇ ಬಿಟ್ಟಿದೀನಿ."

"ಬೇಡಕ್ಕ. ಇದು ನಿಮ್ಮ ವಂತು."

"ನೀನು ಕೈ ಕೊಟ್ಟಿಲ್ವಾ? ನಿನ್ನ ಮುಯ್ಯಿ ತಲೆ ಮೇಲೆ ಇಟ್ಕೊಂಡು ನಾನು ಇವತ್ತು ಅನ್ನ ಉಣ್ಲಾ?"

ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಅವಳ ತಟ್ಟೆಗಳನ್ನು ಅಪ್ಪನೂ ಚಿಕ್ಕಪ್ಪನೂ ಹೊತ್ತು ತಂದರು. ಬೀದಿಯ ಜಗಲಿಯ ನೆರಳಿನಲ್ಲಿ ಎರಡು ಮನೆಯ ಹುಳ ಅಕ್ಕಪಕ್ಕದಲ್ಲಿ ಏರತೊಡಗಿದವು. ಆದರೆ ಒಂದು ಜೊತೆ ಚಂದ್ರಿಕೆ ಎರಡು ಬೆಳೆಗೆ ಹೇಗೆ ಸಾಕು? ಸ್ವಲ್ಪ ಹೊತ್ತಿಗೆ ಜಾಗವೆಲ್ಲ ತುಂಬಿತು. ಎರಡು ಮನೆಯ ತಟ್ಟೆಗಳಲ್ಲೂ ಇನ್ನೂ ಹುಳ ಉಳಿದಿತ್ತು. ಒತ್ತೊತ್ತಾಗಿ ಬಿಟ್ಟರೆ ಎರಡೆರಡು ಹುಳ ಸೇರಿ ಒಂದೇ ಗೂಡು ಕಟ್ಟಿಬಿಡುತ್ತವೆ. ಅಂಥ ಜೋಡಿ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ. ಊರಿನಲ್ಲಿ ಬೇರೆ ಬೇರೆ ಮನೆಗಳ ಜಗಲಿಯಲ್ಲಿ ಚಂದ್ರಿಕೆಗಳು ಸುಮ್ಮನೆ ಒರಗಿಕೊಂಡಿದ್ದವು. ಅವರ ಹುಳ ಇನ್ನೂ ಎಳೆಯದು. ಅಮ್ಮನೂ ಚಿಕ್ಕಮ್ಮನೂ ಆ ಜಗಲಿಗಳ ಕಡೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾತು ನಿಂತ ಮೇಲೆ ಅವರಿಬ್ಬರೂ ನೇರವಾಗಿ ಮುಖ ನೋಡಿಕೊಂಡದ್ದು ಆಗಲೇ.

"ಆ ಸಾಲು ನೀನು ಕೇಳು. ಈ ಸಾಲು ನಾನು ಕೇಳ್ತೀನಿ."

ಅಮ್ಮ ಹೀಗೆ ಹೇಳಿದವಳೇ ಸೆರಗು ಬಿಗಿದು ಬೀದಿಗೆ ಇಳಿದಳು. ನಾನು ಅವಳ ಹಿಂದೆಯೇ ಓಡಿದೆ. ಮೊದಲನೆಯ ಬಾಗಿಲಿನಲ್ಲಿ ಅವಳು ಬಿಗಿದ ಸೆರಗನ್ನೇ ಮತ್ತೆ ಬಿಗಿಯುತ್ತಾ ನಿಂತಳು. ಏನು ಬೇಕಮ್ಮ ಎಂದು ಆ ಮನೆಯವರೇ ಕೇಳಬೇಕಾಯಿತು. ಎರಡನೆಯ ಬಾಗಿಲಿನಲ್ಲಿ ಸರಾಗವಾಗಿ ಕೇಳಿದಳು. ಐದನೆಯ ಬಾಗಿಲಿನಲ್ಲಿ, ಬೇಗ ಕೊಡ್ರಮ್ಮ, ಹುಳ ಕಾಯ್ತಾವಾ ಎಂದು ಗದರಿಯೂಬಿಟ್ಟಳು. ಯಾರೂ ಇಲ್ಲ ಅನ್ನಲಿಲ್ಲ. ನನಗೆ ಆಶ್ಚರ್ಯವೆಂದರೆ, ಕೇಳಿದ್ದಕ್ಕೆ ಅವರು ಸಂತೋಷಪಟ್ಟಂತೆ ಕಂಡರು. ಅಮ್ಮನಿಂದ ಸೊಪ್ಪು, ಮಜ್ಜಿಗೆ, ಬಿತ್ತನೆಯ ಅವರೆ ಪಡೆದವರೇ ಎಲ್ಲ. ಅವಳಿಗೆ ಏನಾದರೂ ಕೊಡುವ ಅವಕಾಶ ಅವರಿಗೆ ಸಿಕ್ಕಿರಲೇ ಇಲ್ಲ. ಚಂದ್ರಿಕೆ ಕೊಟ್ಟವರು ಕೊಟ್ಟು ಸುಮ್ಮನಿರದೆ ತಾವೇ ತಲೆಯ ಮೇಲೆ ಹೊತ್ತು ತಂದರು. ಮೇಲಿನ ಸಾಲಿನಿಂದ ಬಂದವು, ಕೆಳಗಿನ ಕೇರಿಯಿಂದಲೂ ಬಂದವು. ಯಾವುದು ಯಾರ ಮನೆ ಹೊಕ್ಕದ್ದು ಎಂದು ಅಮ್ಮ ಕೇಳಲಿಲ್ಲ. ಆಮೇಲೆ ಊರಿನಲ್ಲಿ ಆ ಮಾತು ಆಡಿದವರಿದ್ದಾರೆ, ಗಂಜಲ ಚಿಮುಕಿಸಿ ಒಳಗೆ ತೆಗೆದುಕೊಂಡವರೂ ಇದ್ದಾರೆ. ಆದರೆ ಆ ಮಧ್ಯಾಹ್ನ ಹುಳ ಹಣ್ಣಾಗಿತ್ತು, ಬಿಸಿಲು ಇಳಿಯುತ್ತಿತ್ತು, ನಮ್ಮ ಬೀದಿಯ ಎರಡು ಬದಿಗೂ ಚಂದ್ರಿಕೆಗಳು ಸಾಲಾಗಿ ನಿಂತಿದ್ದವು. ಅಜ್ಜಿ ಜಗಲಿಯ ಮೇಲೆ ಕೋಲು ಹಿಡಿದು ಕೂತು ಕೋಳಿ, ಕಾಗೆ, ಮಕ್ಕಳು ಮೂರನ್ನೂ ಒಂದೇ ಬೈಗುಳದಲ್ಲಿ ಓಡಿಸುತ್ತಿದ್ದಳು.

ಗೂಡು ಬಿಡಿಸುವ ದಿನ ಎಲ್ಲರೂ ಬಂದರು. ಒಳ್ಳೆಯ ಬೆಳೆ. ಚಿಕ್ಕಮ್ಮನ ಗೂಡು ನಮ್ಮದಕ್ಕಿಂತ ಒಂದು ಕೈ ಗಟ್ಟಿಯಾಗಿತ್ತು. ಅದನ್ನು ಮೊದಲು ಹೇಳಿದವಳು ಅಮ್ಮ, ಬೀದಿಯವರೆಲ್ಲ ಕೇಳುವಂತೆ ಹೇಳಿದಳು. ಕೆಂಡ ಇಟ್ಟರೆ ಗೂಡು ತೆಳ್ಳಗಾಗುತ್ತದೆ ಎಂಬ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಅಷ್ಟು ಜಾಗವಿದ್ದೂ ಕೆಲವು ಜೋಡಿ ಗೂಡುಗಳು ಸಿಕ್ಕವು. ಚಿಕ್ಕಪ್ಪ ಒಂದನ್ನು ಎತ್ತಿ ಕಿವಿಯ ಹತ್ತಿರ ಆಡಿಸಿ, ಇವು ನಮಗಿಂತ ಮುಂಚೆ ಸಂಘ ಮಾಡ್ಕೊಂಡವೆ ನೋಡಣ್ಣ, ಅದಕ್ಕೇ ಕೆಲಸಕ್ಕೆ ಬರಲ್ಲ ಎಂದ. ಅಪ್ಪ ನಕ್ಕು ನಕ್ಕು ಕೆಮ್ಮಿದ. ಹಿಪ್ಪುನೇರಳೆ ಕೀಳುವ ಮಾತು ಅಲ್ಲಿಗೇ ಮುಗಿಯಿತು. ಚಿಕ್ಕಮ್ಮ ತನ್ನ ಹುಳುಮನೆಗೆ ಹೊಸದಾಗಿ ಸುಣ್ಣ ಬಳಿದಳು.

ಇನ್ಸ್‌ಪೆಕ್ಟರು ತಿರುಗಿ ಬಂದಾಗ ಊರಿನವರು ತಾವೇ ಪದ್ಧತಿ ಬದಲಿಸಿಕೊಂಡಿದ್ದರು. ಎರಡು ಮನೆಗೆ ಒಂದು ಜೊತೆ ಎಂಬುದು ಹೋಗಿ, ಬೀದಿಗೆಲ್ಲ ಸೇರಿ ಚಂದ್ರಿಕೆ, ಯಾರ ಹುಳ ಹಣ್ಣಾದರೆ ಅವರ ಜಗಲಿಗೆ. ಇನ್ಸ್‌ಪೆಕ್ಟರು ಬಹಳ ಸಂತೋಷಪಟ್ಟು ಅದನ್ನು ಬರೆದುಕೊಂಡರು. ಸಂಘದ ಪದಾಧಿಕಾರಿಗಳಲ್ಲಿ ಅಪ್ಪನ ಹೆಸರೂ ಚಿಕ್ಕಪ್ಪನ ಹೆಸರೂ ಸೇರಿತು. ಅಮ್ಮನ ಹೆಸರು, ಚಿಕ್ಕಮ್ಮನ ಹೆಸರು ಎಲ್ಲೂ ಬರಲಿಲ್ಲ, ಅವರು ಅದನ್ನು ಎದುರುನೋಡಲೂ ಇಲ್ಲ. ಸಹಕಾರದ ಬಗ್ಗೆ ಆಮೇಲೆ ನಾನು ಬೇಕಾದಷ್ಟು ಭಾಷಣ ಕೇಳಿದ್ದೇನೆ. ಮಾಲೂರಿನಲ್ಲಿ, ಕೋಲಾರದಲ್ಲಿ, ಹಾರ ಹಾಕಿಸಿಕೊಂಡ ದೊಡ್ಡವರ ಬಾಯಲ್ಲಿ ಕೇಳಿದ್ದೇನೆ. ಎಲ್ಲರೂ ಕೊಡುವುದರ ಬಗ್ಗೆಯೇ ಹೇಳುತ್ತಾರೆ. ಕೊಡುವುದು ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇತ್ತು, ಕೊಟ್ಟು ಕೊಟ್ಟೇ ಎರಡು ಮನೆಯ ನಡುವೆ ಮಾತು ನಿಂತಿತ್ತು. ತನಗೆ ಬೇಕಿಲ್ಲದ್ದನ್ನು ಬೇಕು ಎಂದು ಏಣಿ ಹತ್ತಿ ಕೇಳಿದವಳು ನನ್ನ ತಾಯಿ. ಅವಳ ಮಗಳು ಎಂದು ಹೇಳಿಕೊಳ್ಳುವಾಗ ಇವತ್ತಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ.

ಗೋಡೆ ಹಾಗೇ ಇತ್ತು. ಅಮ್ಮನಿಗೂ ಚಿಕ್ಕಮ್ಮನಿಗೂ ಜಗಳವೂ ನಿಲ್ಲಲಿಲ್ಲ. ಬಾವಿಯ ಹಗ್ಗಕ್ಕೆ, ಎಮ್ಮೆ ಕಟ್ಟುವ ಗೂಟಕ್ಕೆ, ಮಕ್ಕಳ ವಿಷಯಕ್ಕೆ ಜಗಳವಾಡಿದರು. ಆದರೆ ಸಂದಿಗೆ ಗೋಣಿಚೀಲ ಮತ್ತೆ ಏರಲಿಲ್ಲ. ಮುಂದಿನ ಬೆಳೆಯ ಚಾಕಿ ಕಟ್ಟಿದ ಹೊಸದರಲ್ಲಿ, ಎಳೆಯ ಹುಳಕ್ಕೆ ಸೊಪ್ಪನ್ನು ನುಣ್ಣಗೆ ಹೆಚ್ಚಿ ಹಾಕುವ ದಿನಗಳಲ್ಲಿ, ಒಂದು ಬೆಳಿಗ್ಗೆ ಅಮ್ಮ ಸೊಪ್ಪಿನ ರಾಶಿಯ ಮುಂದೆ ಕೂತು ಕತ್ತಿ ಹಿಡಿದಿದ್ದಳು. ಸಂದಿನಿಂದ ಚಿಕ್ಕಮ್ಮ ಕೂಗಿದಳು.

"ಅಕ್ಕಾ, ನಿಮ್ಮ ಕತ್ತಿ ಸ್ವಲ್ಪ ಕೊಡ್ತೀರಾ? ನಂದು ಮೊಂಡಾಗೈತೆ."

ಚಿಕ್ಕಪ್ಪ ಅವಳ ಕತ್ತಿಯನ್ನು ಹಿಂದಿನ ಸಂಜೆ ಒರಳಿನ ಪಕ್ಕದ ಕಲ್ಲಿನ ಮೇಲೆ ಮಸೆದದ್ದನ್ನು ನಾನೂ ನೋಡಿದ್ದೆ, ಅಮ್ಮನೂ ನೋಡಿದ್ದಳು. ಬೆರಳಿಟ್ಟು ಪರೀಕ್ಷಿಸಿ ಅವನೇ ಬೆರಳು ಕೊಯ್ದುಕೊಂಡು ಬಾಯಿಗೆ ಇಟ್ಟುಕೊಂಡಿದ್ದ. ನಾನು ಹೇಳಲು ಬಾಯಿ ತೆರೆದೆ. ಅಮ್ಮ ಕಣ್ಣಿನಲ್ಲೇ ಗದರಿದಳು. ಕತ್ತಿಯನ್ನು ಸೆರಗಿನಿಂದ ಒರೆಸಿ, ಹಿಡಿಯ ಕಡೆ ಮುಂದು ಮಾಡಿ ನನ್ನ ಕೈಗೆ ಕೊಟ್ಟು, ಕೊಟ್ಟು ಬಾ ಹೋಗು ಎಂದಳು. ಹುಳ ಹಸಿದಿತ್ತು, ಸೊಪ್ಪು ಬಾಡುತ್ತಿತ್ತು, ಮನೆಯಲ್ಲಿ ಬೇರೆ ಕತ್ತಿ ಇರಲಿಲ್ಲ. ನಾನು ಕೊಟ್ಟು ಬಂದು ನೋಡಿದಾಗ ಅಮ್ಮ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸೊಪ್ಪಿನ ಮುಂದೆ ಕೂತಿದ್ದಳು. ಕತ್ತಿ ತಿರುಗಿ ಬರುವ ತನಕ, ಸ್ವಲ್ಪವೂ ಅವಸರವಿಲ್ಲದೆ, ಹಾಗೇ ಕೂತಿದ್ದಳು.